ಅರವತ್ತು ಅಡಿಯ ಹಾದಿ

ನೆಲಕ್ಕೆ ಬಿದ್ದು ರಾಶಿಯಾಗುವ ಹಿಮಕ್ಕೆ ಅಚ್ಚಗನ್ನಡದಲ್ಲಿ ಪ್ರತ್ಯೇಕವಾದ ಹೆಸರಿಲ್ಲ. ಮಂಜು ಎಂದೊಡನೆ ನಮ್ಮ ನೆನಪಿಗೆ ಬರುವುದು ಮುಂಜಾವಿನ ಕಣ್ಣಿಗೆ ಕವಿಯುವ ಕಾವಳ. ಇಬ್ಬನಿ ಹುಲ್ಲಿನ ತುದಿಯಲ್ಲಿ ನಿಂತು ಬಿಸಿಲೇರುವ ಮೊದಲೇ ಆರಿಹೋಗುವಂಥದು. ಆಲಿಕಲ್ಲು ಬೇಸಿಗೆಯ ಕೊನೆಯ ಗುಡುಗಿನೊಡನೆ ಬಂದು ಮಕ್ಕಳ ಬಾಯಲ್ಲಿ ಕರಗುವಂಥದು. ತಮಿಳಿನ 'ಪನಿ' ಇಬ್ಬನಿಯಿಂದ ಹಿಮದವರೆಗೆ ಎಲ್ಲಕ್ಕೂ ಸಲ್ಲುತ್ತದೆ. ಅದೇ ಬೇರಿನ ನಮ್ಮ ಪನಿ 'ಹನಿ'ಯಾಗಿ, ನೀರಿನ ತೊಟ್ಟು ಎಂಬ ಅರ್ಥದಲ್ಲೇ ನಿಂತುಬಿಟ್ಟಿದೆ. ಸಂಸ್ಕೃತದ ಕಡೆಗೆ ತಿರುಗಿದರೆ ಅಮರಕೋಶವು ಅವಶ್ಯಾಯ, ನೀಹಾರ, ತುಷಾರ, ತುಹಿನ, ಹಿಮ, ಪ್ರಾಲೇಯ, ಮಿಹಿಕಾ ಎಂದು ಏಳು ಹೆಸರುಗಳನ್ನು ಕೊಟ್ಟು, ಹಿಮದ ದೊಡ್ಡ ರಾಶಿಗೆ ಹಿಮಾನಿ ಎಂಬ ಬೇರೊಂದನ್ನೂ ಸೇರಿಸುತ್ತದೆ. ಹಿಮವಂತವನ್ನು ವರ್ಣಿಸಬೇಕಾದಾಗ ನಮ್ಮ ಕವಿಗಳು ಈ ಭಂಡಾರದಿಂದಲೇ ಧಾರಾಳವಾಗಿ ಎರವಲು ಪಡೆದರು. ಅವರಲ್ಲಿ ಯಾರೂ ಅದನ್ನು ಸಲಿಕೆಯಲ್ಲಿ ಎತ್ತಿ ಬದಿಗೆಸೆಯಬೇಕಾದವರಲ್ಲ.

ಹೆಸರು ಸಾಲದಿದ್ದರೂ ಕ್ರಿಯಾಪದಗಳಲ್ಲಿ ಕನ್ನಡ ಬಡವಲ್ಲ ಎಂಬುದು ನನಗೆ ಮನದಟ್ಟಾದದ್ದು ಮಗಳ ಮನೆಯಲ್ಲಿ ಎರಡು ಚಳಿಗಾಲಗಳನ್ನು ಕಳೆದಾಗ. ಬಾಚುವುದು, ಗೋರುವುದು, ಮೊಗೆಯುವುದು, ಕೆರೆಯುವುದು, ತೂರುವುದು, ಗುಡಿಸುವುದು – ಕಣದಲ್ಲಿ ಭತ್ತಕ್ಕೂ ಕೊಟ್ಟಿಗೆಯಲ್ಲಿ ಗೊಬ್ಬರಕ್ಕೂ ನಮ್ಮ ಹಿರಿಯರು ಬಳಸಿದ ಈ ಮಾತುಗಳೆಲ್ಲ ಮನೆಯ ಮುಂದಿನ ಹಿಮ ತೆಗೆಯುವ ಕೆಲಸದಲ್ಲಿ ಹಂತಕ್ಕೊಂದರಂತೆ ಒದಗಿಬರುತ್ತವೆ. ಆಗತಾನೆ ಬಿದ್ದು ಅಕ್ಕಿಹಿಟ್ಟಿನಂತೆ ಹಗುರವಾಗಿರುವುದನ್ನು ಬಾಚಿದರೆ ಸಾಕು. ಮಧ್ಯಾಹ್ನದ ಬಿಸಿಲಿಗೆ ನೀರೊಡೆದು ರುಬ್ಬಿದ ಹಿಟ್ಟಿನಂತಾದದ್ದನ್ನು ಮೊಗೆದು ಎತ್ತಬೇಕು. ಕಾರಿನ ಗಾಲಿಯಡಿ ಸಿಕ್ಕಿ, ರಾತ್ರಿಯ ಚಳಿಗೆ ಬಿಗಿದು, ಗಾರೆಯಂತೆ ನೆಲಕ್ಕೆ ಕಚ್ಚಿಕೊಂಡದ್ದನ್ನು ಕೆರೆದೇ ತೆಗೆಯಬೇಕು. ಅದಕ್ಕೆ ನಮ್ಮ ಹಾರೆಯನ್ನು ಹೋಲುವ, ತುದಿ ಅಗಲವಾದ ಬೇರೊಂದು ಉಪಕರಣವೇ ಇದೆ.

ಈ ಮನೆ ಇರುವುದು ನ್ಯೂಯಾರ್ಕ್ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಬಫಲೋ ನಗರಕ್ಕೆ ದಕ್ಷಿಣದ ಒಂದು ಉಪನಗರದಲ್ಲಿ. ರಾಜ್ಯದ ಹೆಸರು ಕೇಳಿ ಗಗನಚುಂಬಿ ಕಟ್ಟಡಗಳನ್ನು ಊಹಿಸಿಕೊಳ್ಳಬೇಕಾಗಿಲ್ಲ. ಆ ಮಹಾನಗರ ಇಲ್ಲಿಂದ ಸುಮಾರು ಆರುನೂರು ಕಿಲೋಮೀಟರ್ ದೂರ. ಪಶ್ಚಿಮಕ್ಕೆ ಈರೀ ಸರೋವರವಿದೆ. ನಮ್ಮ ಕೆರೆಗಳ ಕಲ್ಪನೆ ಅದಕ್ಕೆ ಸಾಲದು, ಉದ್ದವೇ 380 ಕಿಲೋಮೀಟರಿಗೂ ಮಿಗಿಲು. ನವೆಂಬರಿನಲ್ಲಿ ನೆಲ ತಣ್ಣಗಾದ ಮೇಲೂ ನೀರು ಬೇಸಿಗೆಯ ಬಿಸುಪನ್ನು ಉಳಿಸಿಕೊಂಡಿರುತ್ತದೆ. ಒಣ ಶೀತಗಾಳಿ ಅದರ ಉದ್ದಕ್ಕೂ ಹಾಯ್ದು ಬರುವಾಗ ನೀರಾವಿಯನ್ನು ಹೀರಿಕೊಂಡು, ದಡ ಸೇರಿದೊಡನೆ ಹಿಮವಾಗಿ ಸುರಿಸುತ್ತದೆ. ಆ ಮೋಡದ ಪಟ್ಟಿ ಕಿರಿದು. ಅದರ ಅಂಚೋ ಕತ್ತಿಯಿಂದ ಕೊಯ್ದಂತೆ ಸ್ಪಷ್ಟ. 2014ರ ನವೆಂಬರಿನಲ್ಲಿ ದಕ್ಷಿಣದ ಉಪನಗರಗಳ ಮೇಲೆ ಒಂದೇ ವಾರದಲ್ಲಿ ಐದರಿಂದ ಏಳು ಅಡಿಗಳಷ್ಟು ಹಿಮ ಬಿದ್ದಾಗ, ಕೆಲವೇ ಮೈಲಿ ಉತ್ತರಕ್ಕಿರುವ ಬಡಾವಣೆಗಳಲ್ಲಿ ಬಿದ್ದದ್ದು ಕೆಲವು ಅಂಗುಲಗಳಷ್ಟೇ. ಈರೀ ಇಲ್ಲಿಯ ಐದು ಮಹಾಸರೋವರಗಳಲ್ಲಿ ಆಳ ಕಡಿಮೆಯದು. ಚಳಿ ಬಲಿತು ಅದರ ಮೇಲ್ಮೈ ಹೆಪ್ಪುಗಟ್ಟಿದರೆ ಆವಿಯೇಳುವುದು ನಿಂತು ಹಿಮವೂ ತಗ್ಗುತ್ತದೆ. ಹಾಗಾಗಿ ಕಡುಚಳಿಯನ್ನೇ ಹಾರೈಸುವ ಜನರನ್ನು ಇಲ್ಲಿ ಕಾಣಬಹುದು. 1977ರ ಜನವರಿಯಲ್ಲಿ ಆ ಲೆಕ್ಕವೂ ಕೈಕೊಟ್ಟಿತು. ಹೆಪ್ಪುಗಟ್ಟಿದ ಸರೋವರದ ಮೇಲೆ ಅದುವರೆಗೆ ಬಿದ್ದು ಕೂಡಿದ್ದ ಹಿಮವನ್ನೆಲ್ಲ ಬಿರುಗಾಳಿ ಎತ್ತಿ ತಂದು ನಗರದ ಮೇಲೆ ಸುರಿಯಿತು.

ಡ್ರೈವ್‌ವೇ ಎಂಬುದಕ್ಕೆ ನಮ್ಮ ಅಂಗಳ ಸಾಟಿಯಾಗದು. ಅಂಗಳ ಕೂರುವ, ಕಾಳು ಒಣಗಿಸುವ, ಮಕ್ಕಳು ಆಡುವ ಜಾಗ. ಇದು ಬೀದಿಯಿಂದ ಕಾರು ನಿಲ್ಲಿಸುವ ಗ್ಯಾರೇಜಿನವರೆಗೆ ಹಾಸಿದ ಬರಿಯ ಹಾದಿ. ಮಗಳ ಮನೆಯದು ಉದ್ದ ಅರವತ್ತು ಅಡಿ, ಅಗಲ ಹನ್ನೆರಡಡಿ. ಇಷ್ಟು ಚಿಕ್ಕ ಜಾಗದ ಮೇಲೆ ಒಂದಡಿ ಹಿಮ ಬಿದ್ದರೆ ಅದರ ಘನ ಅಳತೆ ಇಪ್ಪತ್ತು ಘನಮೀಟರಿಗೂ ಸ್ವಲ್ಪ ಹೆಚ್ಚು. ಒಂದು ಘನಮೀಟರ್ ಹೊಸ ಹಿಮ ನೂರು ಕಿಲೋ ತೂಗುತ್ತದೆಂದು ಹಿಡಿದರೆ ಒಟ್ಟು ಎರಡು ಟನ್ – ಐವತ್ತು ಕಿಲೋ ಅಕ್ಕಿಮೂಟೆಗಳ ಲೆಕ್ಕದಲ್ಲಿ ನಲವತ್ತು ಮೂಟೆ. ಸಲಿಕೆಯಲ್ಲಿ ಒಮ್ಮೆಗೆ ಏಳು ಕಿಲೋ ಎತ್ತಿದರೂ ಮುನ್ನೂರು ಸಲ ಬಗ್ಗಿ ಏಳಬೇಕು. ಹಿಮ ಒದ್ದೆಯಾಗಿದ್ದರೆ ತೂಕ ಇಮ್ಮಡಿ. ಮೂಟೆ ಹೊತ್ತವನಿಗೆ ಕೊನೆಯಲ್ಲಿ ಉಗ್ರಾಣವಾದರೂ ತುಂಬಿದ್ದು ಕಾಣುತ್ತದೆ. ಇಲ್ಲಿ ಎಲ್ಲ ಮುಗಿದ ಮೇಲೆ ಕಾಣುವುದು ನಿನ್ನೆ ಇದ್ದ ಕಪ್ಪು ಡಾಂಬರು ನೆಲ, ಅಷ್ಟೆ.

ಎತ್ತಿದ್ದನ್ನು ಎಲ್ಲಿ ಹಾಕುವುದೆಂಬುದೂ ಸಣ್ಣ ಪ್ರಶ್ನೆಯಲ್ಲ. ಬೀದಿಗೆ ಎಸೆಯುವಂತಿಲ್ಲ, ಕಾನೂನು ಬಿಡುವುದಿಲ್ಲ. ನೆರೆಯವರ ಹುಲ್ಲಿನ ಮೇಲೆ ಎಸೆದರೆ ಮರ್ಯಾದೆ ಬಿಡುವುದಿಲ್ಲ. ಡಿಸೆಂಬರಿನಲ್ಲಿ ಉದಾರವಾಗಿ ಹತ್ತಿರದಲ್ಲೇ ರಾಶಿ ಹಾಕಿದವನಿಗೆ ಫೆಬ್ರವರಿಯಲ್ಲಿ ಎಸೆಯಲು ಜಾಗವಿರುವುದಿಲ್ಲ. ಬಾಸ್ಟನ್, ಷಿಕಾಗೋ ಮುಂತಾದ ನಗರಗಳಲ್ಲಿ ಮನೆಗೊಂದು ಹಾದಿ ಇಲ್ಲದ ಜನ ಬೀದಿಬದಿಯಲ್ಲೇ ಕಾರಿನಷ್ಟು ಜಾಗವನ್ನು ತೋಡಿ, ಹೊರಗೆ ಹೋಗುವಾಗ ಅಲ್ಲಿ ಒಂದು ಹಳೆಯ ಕುರ್ಚಿಯನ್ನಿಟ್ಟು ಹೋಗುತ್ತಾರೆ. ತೋಡಿದವನದೇ ಜಾಗ ಎಂಬುದು ಅದರ ಅರ್ಥ. ಕಾಡು ಕಡಿದು ಹಸನು ಮಾಡಿದವನಿಗೆ ಹೊಲ ಸೇರತಕ್ಕದ್ದೆಂಬ ಧರ್ಮಶಾಸ್ತ್ರದ ಹಳೆಯ ನ್ಯಾಯಕ್ಕೂ ಈ ಮುರುಕು ಕುರ್ಚಿಗೂ ಇರುವ ನಂಟು ನನಗೆ ಬಹಳ ಹಿಡಿಸಿತು. ವ್ಯತ್ಯಾಸವೆಂದರೆ ಈ ಹಕ್ಕು ಹಿಮ ಕರಗುವವರೆಗೆ ಮಾತ್ರ.

ಅಳಿಯನ ಬಳಿ ಯಂತ್ರವಿದೆ. ಹಿಮವನ್ನು ಬಾಯಿಗೆಳೆದುಕೊಂಡು ಕೊಳವೆಯಿಂದ ದೂರಕ್ಕೆ ಉಗುಳುವ ಈ ಸ್ನೋ ಬ್ಲೋವರನ್ನು ಕೆನಡಾದ ಕ್ವಿಬೆಕ್ ಪ್ರಾಂತದ ಆರ್ಥರ್ ಸಿಕಾರ್ 1925ರಲ್ಲಿ ದೊಡ್ಡ ವಾಹನದ ರೂಪದಲ್ಲಿ ನಿರ್ಮಿಸಿದ. ಒಕ್ಕಣೆ ಯಂತ್ರವನ್ನು ಕಂಡು ಅವನಿಗೆ ಇದು ಹೊಳೆಯಿತೆಂದು ಹೇಳುತ್ತಾರೆ. ಹಾಗಿದ್ದಲ್ಲಿ ನಮ್ಮ ಕಣದ ಕ್ರಿಯಾಪದಗಳು ಇಲ್ಲಿಗೆ ಒಗ್ಗುವುದರಲ್ಲಿ ಆಶ್ಚರ್ಯವಿಲ್ಲ. ಯಂತ್ರಕ್ಕೂ ಒಂದು ಸೋಲುವ ಸ್ಥಳವಿದೆ. ಅದು ಹಾದಿ ಬೀದಿಗೆ ಸೇರುವ ಬಾಯಿ. ರಾತ್ರಿಯೆಲ್ಲ ಪುರಸಭೆಯ ವಾಹನಗಳು ಬೀದಿಯ ಹಿಮವನ್ನು ತಳ್ಳುತ್ತ ಸಾಗುತ್ತವೆ. ಇಂಗ್ಲಿಷಿನಲ್ಲಿ ಅದನ್ನು ನೇಗಿಲೆಂದೇ ಕರೆಯುತ್ತಾರೆ, ಮಾಡುವ ಕೆಲಸವೇನೋ ಗದ್ದೆ ಸಮಮಾಡುವ ಹಲಗೆಯದು. ಅವು ಬದಿಗೊತ್ತಿದ ಹಿಮ, ಬೀದಿಯ ಉಪ್ಪು, ಕೆಸರು, ಕಲ್ಲುಚೂರುಗಳೊಡನೆ ಬೆರೆತು ಪ್ರತಿ ಮನೆಯ ಹಾದಿಯ ಬಾಯಿಗೂ ಅಡ್ಡಲಾಗಿ ಒಡ್ಡು ಕಟ್ಟಿದಂತೆ ನಿಲ್ಲುತ್ತದೆ, ಗಂಟೆಯೊಳಗೆ ಕಲ್ಲಾಗುತ್ತದೆ. ಬೀದಿ ಸ್ವಚ್ಛವಾಗಬೇಕಾದರೆ ಇದು ಅನಿವಾರ್ಯ, ಯಾರನ್ನೂ ದೂರುವಂತಿಲ್ಲ. ಒಂದು ಗಂಟೆ ಬೆವರು ಸುರಿಸಿ ಹಾದಿ ಬಿಡಿಸಿ, ಒಳಗೆ ಹೋಗಿ ಕಾಫಿಯ ಲೋಟ ಹಿಡಿದಾಗ ಬೀದಿಯ ಕೊನೆಯಲ್ಲಿ ಆ ವಾಹನದ ಹಳದಿ ದೀಪ ಮಿನುಗುವುದನ್ನು ಕಂಡವರಿಗೆ ಮಾತ್ರ ಅದರ ರುಚಿ ಗೊತ್ತು.

ನನಗೆ ಸಲಿಕೆ ಮುಟ್ಟುವ ಅಪ್ಪಣೆ ಇರಲಿಲ್ಲ. ಹೃದಯದ ರಕ್ತನಾಳವೊಂದರಲ್ಲಿ ಸ್ಟೆಂಟ್ ಇಟ್ಟುಕೊಂಡು ವಿಮಾನವೇರಿದ ತಂದೆಯ ಮುಂದೆ ಮಗಳು ಬಂದ ದಿನವೇ ಲೆಕ್ಕ ಒಪ್ಪಿಸಿದಳು. ಅಮೆರಿಕದಲ್ಲಿ 1990ರಿಂದ 2006ರವರೆಗಿನ ಅವಧಿಯ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಹಿಮ ತೆಗೆಯುವಾಗ ಪೆಟ್ಟಾಗಿಯೋ ಅಸ್ವಸ್ಥರಾಗಿಯೋ ತುರ್ತು ಚಿಕಿತ್ಸೆಗೆ ಬಂದವರು ವರ್ಷಕ್ಕೆ ಸರಾಸರಿ 11,500. ಆ ಹದಿನೇಳು ವರ್ಷಗಳಲ್ಲಿ ಸತ್ತವರ ಅಂದಾಜು 1,647, ಎಲ್ಲವೂ ಹೃದಯ ಸಂಬಂಧವಾದ ಸಾವುಗಳೇ. ಚಳಿಗೆ ರಕ್ತನಾಳಗಳು ಸಂಕೋಚಗೊಳ್ಳುತ್ತವೆ. ಉಸಿರು ಕಟ್ಟಿ ಭಾರವೆತ್ತಿದಾಗ ರಕ್ತದೊತ್ತಡ ಥಟ್ಟನೆ ಏರುತ್ತದೆ. ಹಾಸಿಗೆಯಿಂದ ಎದ್ದುಬಂದ ದೇಹ ಇನ್ನೂ ಸಿದ್ಧವಾಗಿರುವುದಿಲ್ಲ. "ಅಪ್ಪಯ್ಯ, ನೀವು ಉಪ್ಪು ಹಾಕಿ, ಸಾಕು" ಎಂದು ಒಂದು ಬಕೆಟ್ಟನ್ನೂ ಪ್ಲಾಸ್ಟಿಕ್ಕಿನ ಮೊಗೆಯನ್ನೂ ಕೈಗಿತ್ತಳು.

ಉಪ್ಪಿನ ಉದ್ಯೋಗ ಹೀನವೇನಲ್ಲ. ಬಫಲೋಗೆ ಪೂರ್ವದಲ್ಲಿರುವ ಲಿವಿಂಗ್‌ಸ್ಟನ್ ಕೌಂಟಿಯ ನೆಲದಡಿ, ಸಾವಿರ ಅಡಿಯ ಆಳದಲ್ಲಿ, ನಲವತ್ತು ಕೋಟಿ ವರ್ಷಗಳಿಗೂ ಹಿಂದೆ ಬತ್ತಿಹೋದ ಸಮುದ್ರದ ಉಪ್ಪು ಪದರಪದರವಾಗಿದೆ. ಅಲ್ಲಿಯ ರೆಟ್ಸಾಫ್ ಗಣಿ 1994ರಲ್ಲಿ ಕುಸಿದು ನೀರು ತುಂಬಿ ಮುಚ್ಚಿಹೋಗುವವರೆಗೆ ಈ ಖಂಡದ ಅತಿ ದೊಡ್ಡ ಉಪ್ಪಿನ ಗಣಿ ಎನ್ನಿಸಿಕೊಂಡಿತ್ತು. ಮನುಷ್ಯನ ಇತಿಹಾಸದಲ್ಲಿ ಉಪ್ಪಿಗಾಗಿ ತೆರಿಗೆಗಳೂ ಸತ್ಯಾಗ್ರಹವೂ ನಡೆದಿವೆ. ಇಲ್ಲಿ ಅದನ್ನು ಮೊಗೆಮೊಗೆದು ನೆಲಕ್ಕೆ ಎರಚುವಾಗ ಮೊದಮೊದಲು ನನ್ನ ಕೈ ಹಿಡಿಯುತ್ತಿತ್ತು. ಅನ್ನದ ಋಣ, ಉಪ್ಪಿನ ಋಣ ಎಂದು ಬೆಳೆದವರಿಗೆ ಉಪ್ಪು ತುಳಿಯುವುದು ಸುಲಭವಲ್ಲ. ಉಪ್ಪಿಗೂ ಮಿತಿಯಿದೆ. ಶೂನ್ಯಕ್ಕಿಂತ ಒಂಬತ್ತು ಹತ್ತು ಡಿಗ್ರಿ ಕೆಳಗಿಳಿದರೆ ಅದು ಕೆಲಸ ಮಾಡುವುದು ತೀರ ನಿಧಾನ. ಆಗ ಹಾಕಬೇಕಾದದ್ದು ಮರಳು. ಮರಳು ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ. ಮಲೆನಾಡಿನ ನಮ್ಮ ಮನೆಯಲ್ಲಿ ಮಳೆಗಾಲ ಹಿಡಿಯುವ ಮುನ್ನ ಅಂಗಳದುದ್ದಕ್ಕೂ ಅಡಿಕೆಮರದ ದಬ್ಬೆ ಹಾಸುತ್ತಿದ್ದರು. ಹಾವಸೆ ಹತ್ತಿದ ಅಂಗಳದಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯೊಬ್ಬಳ ಕಥೆ ಆ ಸೀಮೆಯ ಪ್ರತಿ ಮನೆಯಲ್ಲೂ ಇರುತ್ತದೆ.

ಎದುರುಮನೆಯ ದೀಪ ಬೆಳಗಿನ ನಾಲ್ಕಕ್ಕೇ ಹತ್ತುತ್ತಿತ್ತು. ಅಲ್ಲಿದ್ದವರು ಎಂಬತ್ತರ ಹತ್ತಿರದ ದಂಪತಿಗಳು. ಗಂಡ ಲಾಕವಾನಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. 1983ರಲ್ಲಿ ಅದರ ಕುಲುಮೆಗಳು ಆರಿದ ಮೇಲೆ ಬೇರೆ ಬೇರೆ ಕೆಲಸ ಮಾಡಿ ನಿವೃತ್ತರಾದವರು. ಮಾತು ಕಡಿಮೆ. ಮಗಳು ಅವರನ್ನು ಇಂದಿಗೂ ಮಿಸ್ಟರ್ ಸೇರಿಸಿ ಮನೆತನದ ಹೆಸರಿನಿಂದಲೇ ಕರೆಯುತ್ತಾಳೆ. ಹೆಂಡತಿಗೆ ಮೂತ್ರಪಿಂಡಗಳೆರಡೂ ಸೋತಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಬೆಳಗಿನ ಆರಕ್ಕೆ ಡಯಾಲಿಸಿಸ್. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ, ರಕ್ತದಲ್ಲಿ ಪೊಟ್ಯಾಷಿಯಂ ಏರುತ್ತದೆ. ಆದ್ದರಿಂದ ವಾರದಲ್ಲಿ ಮೂರು ದಿನ ಐದೂಕಾಲಕ್ಕೆ ಆ ಮನೆಯ ಕಾರು ಬೀದಿಗಿಳಿಯಲೇಬೇಕು. ಉಳಿದ ನಾಲ್ಕು ದಿನ ಹಾದಿ ಬಿಡಿಸದಿದ್ದರೆ ಮುಂದಿನ ದಿನದ ಹೊರೆ ಇಮ್ಮಡಿಯಾಗುತ್ತದೆಂದು ಆತ ದಿನವೂ ಅದೇ ಹೊತ್ತಿಗೆ ಏಳುತ್ತಿದ್ದರು. ಹಿಮ ತೆಗೆದುಕೊಡುವ ಗುತ್ತಿಗೆದಾರರಿದ್ದಾರೆ. ಆದರೆ ದೊಡ್ಡ ಹಿಮ ಬಿದ್ದ ರಾತ್ರಿ ನಲವತ್ತು ಮನೆ ಸುತ್ತುವವನು ಐದರೊಳಗೆ ನಿಮ್ಮಲ್ಲಿಗೇ ಬರುತ್ತಾನೆಂಬ ಭರವಸೆಯನ್ನು ಯಾರು ಕೊಡಬಲ್ಲರು?

ಜನವರಿಯ ಒಂದು ಬುಧವಾರ. ರಾತ್ರಿ ಹದಿನಾರು ಅಂಗುಲ ಬಿದ್ದಿತ್ತು. ಉಷ್ಣಮಾಪಕ ಮೈನಸ್ ಹನ್ನೆರಡು ತೋರಿಸುತ್ತಿತ್ತು. ಎದುರುಮನೆಯ ಹಳೆಯ ಯಂತ್ರದ ಸದ್ದು ಹಾದಿಯ ಬಾಯಿಯ ಹತ್ತಿರ ಬಂದು ಒಮ್ಮೆಲೇ ನಿಂತಿತು. ಕಲ್ಲಿನಂಥ ಗಡ್ಡೆಗೆ ತಾಗಿದಾಗ ಯಂತ್ರದ ಹಲ್ಲುಗಳು ಮುರಿಯದಿರಲೆಂದು ಒಂದು ಸಣ್ಣ ಪಿನ್ನು ತಾನೇ ತುಂಡಾಗುವಂತೆ ಇಟ್ಟಿರುತ್ತಾರೆ, ಅದು ತುಂಡಾಗಿತ್ತು. ಕಿಟಕಿಯಿಂದ ನೋಡಿದರೆ ಆತ ಸಲಿಕೆ ಹಿಡಿದು ಎದೆಮಟ್ಟದ ಒಡ್ಡಿನ ಮುಂದೆ ನಿಂತಿದ್ದರು. ಮಗಳು, ಅಳಿಯ ತಮ್ಮ ಹಾದಿಯನ್ನು ಹಾಗೆಯೇ ಬಿಟ್ಟು, ಮೊಣಕಾಲುದ್ದದ ಹಿಮದಲ್ಲಿ ಯಂತ್ರವನ್ನು ದಬ್ಬಿಕೊಂಡು ಬೀದಿ ದಾಟಿದರು. "ನಮ್ಮದು ತಡವಾದರೆ ಆಫೀಸಿಗೆ ತಡ, ಅಷ್ಟೆ ಅಪ್ಪಯ್ಯ" ಎಂದಷ್ಟೇ ಹೇಳಿ ಮಗಳು ಬಾಗಿಲೆಳೆದುಕೊಂಡಿದ್ದಳು. ನಾನೂ ಮರಳಿನ ಬಕೆಟ್ ಹಿಡಿದು ಅವರು ತುಳಿದ ಜಾಡಿನಲ್ಲೇ ಹಿಂದೆ ಹೋದೆ.

ಆತ ಧನ್ಯವಾದ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಸ್ವಲ್ಪ ಹೊತ್ತು ಸಲಿಕೆಯ ಹಿಡಿಯ ಮೇಲೆ ಗಲ್ಲವೂರಿ ಯೋಚಿಸಿ, "ಕೆಳಗಿನ ಒಡ್ಡು ನಿಮ್ಮದು, ಮೇಲಿನದಕ್ಕೆ ನಾನಿದ್ದೇನೆ" ಎಂದರು. ವ್ಯವಹಾರ ತೀರ್ಮಾನವಾದಂತೆ ತಿರುಗಿ ಗ್ಯಾರೇಜಿನ ಕಡೆಗೆ ನಡೆದರು. ಅಳಿಯ ಹಾರೆಯಂಥದರಲ್ಲಿ ಗಡ್ಡೆಗಳನ್ನು ಒಡೆದ, ಮಗಳು ಎತ್ತಿ ಎಸೆದಳು, ಸಡಿಲವಾದದ್ದನ್ನು ಯಂತ್ರ ನುಂಗಿತು. ಅವರ ಮನೆಯ ಮುಂದಿನ ಮೂರು ಮೆಟ್ಟಿಲುಗಳನ್ನು ಗುಡಿಸಿ ಮರಳು ಹಾಕುವ ಕೆಲಸ ನನ್ನದಾಯಿತು. ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಆಕೆ ದಪ್ಪ ಕೋಟಿನೊಳಗೆ ಮುದುಡಿಕೊಂಡು, ಗಂಡನ ತೋಳು ಹಿಡಿದು, ಒಂದೊಂದೇ ಮೆಟ್ಟಿಲಿನ ಮೇಲೆ ಎರಡೂ ಪಾದಗಳನ್ನೂರಿ ಇಳಿದರು. ಮೂರನೆಯದರಲ್ಲಿ ನಿಂತು ನನ್ನ ಕಡೆ ನೋಡಿ, "ಇಷ್ಟು ಬೆಳಗ್ಗೆ ನಿಮ್ಮನ್ನೂ ಎಬ್ಬಿಸಿದೆವು" ಎಂದರು. ಕಾರಿನ ಹಿಂದಿನ ಕೆಂಪು ದೀಪಗಳು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ನಾವು ಮೂವರೂ ಅಲ್ಲೇ ನಿಂತಿದ್ದೆವು. ಆಮೇಲೆ ನಮ್ಮ ಹಾದಿ ಬಿಡಿಸಲು ಇನ್ನೂ ಒಂದು ಗಂಟೆ ಹಿಡಿಯಿತು.

ಶಾಸನಗಳನ್ನು ಓದುವ ಅಭ್ಯಾಸವುಳ್ಳವರು ಇಲ್ಲಿ ಒಂದು ಮಾತನ್ನು ಒಪ್ಪುವರೆಂದು ನಂಬುತ್ತೇನೆ. ಕೆರೆ ಕಟ್ಟಿಸಿದವನ ಕೀರ್ತಿ ಪದ್ಯಗಳಲ್ಲಿ ಬರುತ್ತದೆ, ವಂಶಾವಳಿಯೊಡನೆ ಬರುತ್ತದೆ. ಆದರೆ ಅದೇ ಕಲ್ಲುಗಳ ಕೆಳಭಾಗದ ಒಣ ಗದ್ಯದಲ್ಲಿ, ದತ್ತಿಯ ವಿವರಗಳ ನಡುವೆ, ಬೇರೊಂದು ಕೆಲಸದ ಸುದ್ದಿಯೂ ಇರುತ್ತದೆ. ಬಿತ್ತುವಟ್ಟ, ಕಟ್ಟುಕೊಡಗೆ ಮೊದಲಾದ ಹೆಸರುಗಳಲ್ಲಿ ಕೆರೆಯ ಪಾಲನೆಗೆ ಬಿಟ್ಟ ಭೂಮಿ, ಹೂಳು ಸಾಗಿಸುವ ಬಂಡಿಗೆ, ಅದನ್ನೆಳೆಯುವ ಕೋಣಗಳಿಗೆ, ಬಂಡಿಯವನಿಗೆ ಮಾಡಿದ ಏರ್ಪಾಡು. ಹೂಳೆತ್ತುವವನು ಹೊಸದಾಗಿ ಏನನ್ನೂ ಕಟ್ಟುವುದಿಲ್ಲ. ಮಳೆ ತಂದು ತುಂಬಿದ್ದನ್ನು ತೆಗೆದು ಕೆರೆಯನ್ನು ಹೋದ ವರ್ಷದ ಸ್ಥಿತಿಗೆ ತರುತ್ತಾನೆ; ಮುಂದಿನ ಮಳೆ ಮತ್ತೆ ತುಂಬುತ್ತದೆ. ಆ ಬಂಡಿಯವನ ಹೆಸರನ್ನು ಹೇಳುವ ಪದ್ಯವಿಲ್ಲ. ಆದರೂ ಊರು ಅವನಿಗೆ ಗದ್ದೆ ಬಿಟ್ಟಿತ್ತು. ಅವನ ಬಂಡಿ ನಿಂತರೆ ಮೂರು ತಲೆಮಾರಿನೊಳಗೆ ಕೀರ್ತಿವಂತನ ಕೆರೆ ಬಯಲಾಗುತ್ತದೆಂಬುದು ಶಾಸನ ಬರೆಸಿದವರಿಗೆ ಗೊತ್ತಿತ್ತು. ನಮ್ಮ ಇತಿಹಾಸ ಬರವಣಿಗೆ ಪದ್ಯಭಾಗವನ್ನೇ ಹೆಚ್ಚು ಓದಿದೆ ಎಂಬ ನನ್ನ ಹಳೆಯ ತಕರಾರು ಆ ಚಳಿಗಾಲದಲ್ಲಿ ಇನ್ನಷ್ಟು ಗಟ್ಟಿಯಾಯಿತು.

ಮರುವರ್ಷ ನಾನು ಮತ್ತೆ ಹೋದಾಗ ಎದುರುಮನೆಯಲ್ಲಿ ಒಬ್ಬರೇ ಇದ್ದರು. ಆಕೆ ಅಕ್ಟೋಬರಿನಲ್ಲಿ, ಮೇಪಲ್ ಮರಗಳ ಎಲೆ ಉದುರುವ ಕಾಲದಲ್ಲಿ, ತೀರಿಕೊಂಡಿದ್ದರು. ನವೆಂಬರಿನ ಮೊದಲ ಹಿಮ ನಾಲ್ಕೇ ಅಂಗುಲ. ನಾಲ್ಕು ಗಂಟೆಗೆ ಎದುರುಮನೆಯ ದೀಪ ಹತ್ತಿತು. ಆತ ಹೊರಬಂದು ಗ್ಯಾರೇಜಿನ ಬಾಗಿಲಿನಿಂದ ತೊಡಗಿ, ಎಡಕ್ಕೊಂದು ಬಲಕ್ಕೊಂದು ಸಾಲಿನಂತೆ, ಅವಸರವಿಲ್ಲದೆ ಹಾದಿ ಬಿಡಿಸಿದರು. ಮೆಟ್ಟಿಲುಗಳನ್ನೂ ಗುಡಿಸಿದರು. ಐದೂಕಾಲರ ಹೊತ್ತಿಗೆ ಎಲ್ಲ ಮುಗಿದಿತ್ತು. ಸಲಿಕೆಯನ್ನು ಗೋಡೆಗೆ ಒರಗಿಸಿ, ತುಸು ಹೊತ್ತು ಬೀದಿಯ ಕಡೆಗೆ ನೋಡುತ್ತ ನಿಂತು, ಒಳಗೆ ಹೋದರು. ಕಾರು ಹೊರಡಲಿಲ್ಲ. ಆ ಚಳಿಗಾಲವಿಡೀ ಸೋಮವಾರವೆನ್ನದೆ ಭಾನುವಾರವೆನ್ನದೆ ಹೀಗೆಯೇ ನಡೆಯಿತು. ಕೆಲವೊಮ್ಮೆ ಮಧ್ಯಾಹ್ನದವರೆಗೂ ಆ ಹಾದಿಯ ಮೇಲೆ ಅಂಚೆಯವನ ಹೆಜ್ಜೆ ಬಿಟ್ಟರೆ ಬೇರೆ ಗುರುತಿರುತ್ತಿರಲಿಲ್ಲ.

ದೊಡ್ಡ ಹಿಮ ಬಿದ್ದ ರಾತ್ರಿಗಳಲ್ಲಿ ಮಗಳೂ ನಾಲ್ಕಕ್ಕೇ ಏಳುತ್ತಿದ್ದಳು. ಒಮ್ಮೆ ಅಳಿಯ ನಿದ್ದೆಗಣ್ಣಿನಲ್ಲಿ, ಈಗ ಅವರಿಗೆ ಅಷ್ಟು ಬೇಗ ಎಲ್ಲಿಗೂ ಹೋಗಬೇಕಾಗಿಲ್ಲವಲ್ಲ, ಆರಕ್ಕೆ ಹೋದರೆ ಆಗದೇ ಎಂದು ಕೇಳಿದ. ಮಗಳು ಬೂಟಿನ ದಾರ ಬಿಗಿಯುತ್ತ, "ಕೆಳಗಿನದು ನಮ್ಮದು ಅಂತ ಮಾತಾಗಿದೆ" ಎಂದಳು. ಅಳಿಯ ಮತ್ತೇನೂ ಹೇಳದೆ ಯಂತ್ರಕ್ಕೆ ಪೆಟ್ರೋಲ್ ತುಂಬಲು ಎದ್ದ. ಕೆಳಗೆ ಇವರಿಬ್ಬರು, ಮೇಲೆ ಆತ. ನಡುವೆ ಎಲ್ಲೋ ಎರಡು ಕಡೆಯ ಕೆಲಸ ಸೇರುತ್ತಿತ್ತು. ಸೇರಿದಾಗ ಆತ ಕೈಗವಸಿನ ಕೈಯನ್ನು ಅರ್ಧ ಎತ್ತುತ್ತಿದ್ದರು. ಅದು ನಮಸ್ಕಾರವೋ, ಇಲ್ಲಿಗೆ ನಿಲ್ಲಿಸಿ ಎಂಬ ಸೂಚನೆಯೋ, ಎರಡೂ ಆಗಿರಬಹುದು. ಮೆಟ್ಟಿಲುಗಳಿಗೆ ಮರಳು ಹಾಕುವುದನ್ನು ನಾನೂ ಬಿಡಲಿಲ್ಲ.

ಏಪ್ರಿಲಿನ ಮೊದಲ ವಾರ ನಾನು ಊರಿಗೆ ಹೊರಡುವ ಹೊತ್ತಿಗೆ ಹಿಮದ ರಾಶಿಗಳು ಕರಗಿ, ಹುಲ್ಲಿನ ಮೇಲೆ ಕಲ್ಲುಚೂರು, ಮರಳು, ಯಾರದೋ ಒಂಟಿ ಕೈಗವಸು ಉಳಿದಿದ್ದವು. ಇಲ್ಲಿಯವರು ನವೆಂಬರಿನಲ್ಲಿ, ನೆಲ ಗಟ್ಟಿಯಾಗುವ ಮೊದಲೇ, ಹಾದಿಯ ಎರಡೂ ಅಂಚಿಗೆ ಕಿತ್ತಳೆ ಬಣ್ಣದ ಗುರುತುಕೋಲುಗಳನ್ನು ನೆಡುತ್ತಾರೆ. ಎಲ್ಲವೂ ಬಿಳಿಯಾದಾಗ ಹಾದಿ ಎಲ್ಲಿದೆಯೆಂದು ತಿಳಿಯುವುದು ಅವುಗಳಿಂದಲೇ. ಎದುರುಮನೆ ಯಜಮಾನರು ಅಂದು ಅವುಗಳನ್ನು ಒಂದೊಂದಾಗಿ ಕಿತ್ತು, ಮಣ್ಣೊರೆಸಿ, ಗ್ಯಾರೇಜಿನ ಮುಂದೆ ಸಾಲಾಗಿ ಮಲಗಿಸುತ್ತಿದ್ದರು. ಹನ್ನೆರಡರಲ್ಲಿ ಒಂದು, ಬೀದಿಯ ಬಾಯಿಯದು, ವಾಹನ ತಾಗಿ ಅರ್ಧಕ್ಕೆ ಮುರಿದಿತ್ತು. ಅದನ್ನು ಉಳಿದವುಗಳ ಪಕ್ಕದಲ್ಲಿಟ್ಟು ಉದ್ದ ಅಳೆದು, ಒಳಗಿನಿಂದ ಗರಗಸ ತಂದು, ಹೊಸ ಕೋಲೊಂದನ್ನು ಅದೇ ಅಳತೆಗೆ ಕೊಯ್ಯತೊಡಗಿದರು.